ಅಡಿಟಿಪ್ಪಣಿಗೆ ಅಡ್ಡಬಿದ್ದೆ

ಡೆಲಾಯ್ಟ್ ಎಂಬ ದೊಡ್ಡ ಸಲಹಾ ಸಂಸ್ಥೆಯ ವರದಿಯ ಪ್ರಹಸನ ನೀವೂ ಓದಿರುತ್ತೀರಿ. ಆಸ್ಟ್ರೇಲಿಯಾ ಸರ್ಕಾರ ಸುಮಾರು 4.4 ಲಕ್ಷ ಆಸ್ಟ್ರೇಲಿಯನ್ ಡಾಲರ್ ತೆತ್ತು ಬರೆಸಿಕೊಂಡ ಇನ್ನೂರಕ್ಕೂ ಹೆಚ್ಚು ಪುಟಗಳ ವರದಿ ಅದು. ಅದರೊಳಗೆ ಯಾರೂ ಬರೆಯದ ಪ್ರಬಂಧಗಳ ಉಲ್ಲೇಖ, ನ್ಯಾಯಾಲಯ ಆಡದ ಮಾತು. 2025ರ ಅಕ್ಟೋಬರ್‌ನಲ್ಲಿ ಕೊನೆಯ ಕಂತಿನ ಹಣ ವಾಪಸ್ ಕೊಡಲು ಒಪ್ಪಿ ಕೈತೊಳೆದುಕೊಂಡರು.

ವರದಿ ತಯಾರಿಸಲು ಎಐ ಬಳಸಿದ್ದರಂತೆ, ಹಾಗಾಗಿ ಎಲ್ಲರೂ ಎಐಗೆ ಶಾಪ ಹಾಕಿದರು. ನನಗೆ ಮಾತ್ರ ಆ ಬರಹಗಾರರ ಮೇಲೆ ಭಕ್ತಿ ಉಕ್ಕಿತು. ಇರುವ ಪುಸ್ತಕವನ್ನು ಉಲ್ಲೇಖಿಸುವುದು ಯಾರ ಕೈಲಾದರೂ ಆಗುತ್ತದೆ, ಇಲ್ಲದ್ದನ್ನು ಉಲ್ಲೇಖಿಸುವುದಕ್ಕೆ ಎಂಟೆದೆ ಬೇಕು. ಅನುಕೂಲವೂ ಉಂಟು: ಇಲ್ಲದ ಪ್ರಬಂಧ ಎಂದೂ ನಿಮ್ಮ ವಾದಕ್ಕೆ ತಿರುಗಿ ಬೀಳುವುದಿಲ್ಲ. ಆದರೆ ನಿಜವಾದ ಪವಾಡ ಆಮೇಲೆ ನಡೆಯಿತು. ಸುಳ್ಳು ಉಲ್ಲೇಖಗಳನ್ನು ಕಿತ್ತು ತಿದ್ದಿದ ಪ್ರತಿ ಬಂದಾಗ, ಶಿಫಾರಸುಗಳಲ್ಲಿ ಏನೂ ಬದಲಾವಣೆಯಿಲ್ಲ ಎಂದರು. ಕಂಬ ಕಿತ್ತರೂ ಚಪ್ಪರ ಅಲ್ಲಾಡಲಿಲ್ಲ. ಹಾಗಾದರೆ ಆ ಕಂಬಗಳನ್ನು ನೆಟ್ಟಿದ್ದಾದರೂ ಯಾಕೆ ಸ್ವಾಮಿ?

ಯಾಕೆಂದರೆ ನಮಗಾಗಿ. ವಾಕ್ಯದ ತಲೆಯ ಮೇಲೆ ಪುಟ್ಟದೊಂದು ಅಂಕಿ ಕಂಡರೆ ಸಾಕು, ಓದುಗ ತಾನಾಗಿ ಕೈ ಜೋಡಿಸುತ್ತಾನೆ. ಕಾದಂಬರಿ ಓದುವಾಗ ‘ಇವಳು ಹಾಗೇಕೆ ಮಾಡಿದಳು, ನಂಬೋಕಾಗಲ್ಲ’ ಎಂದು ತಕರಾರು ತೆಗೆಯುವ ನಾವು, ಪುಸ್ತಕ ‘ಸತ್ಯಕಥನ’ ಎಂದ ತಕ್ಷಣ ಬುದ್ಧಿಯನ್ನು ಚಪ್ಪಲಿಯ ಜೊತೆ ಹೊರಗೆ ಬಿಟ್ಟು ಒಳಗೆ ಹೋಗುತ್ತೇವೆ.

21 ದಿನದ ಪುರಾಣವನ್ನೇ ನೋಡಿ. ಹೊಸ ಅಭ್ಯಾಸ ಅಂಟಿಕೊಳ್ಳಲು 21 ದಿನ ಸಾಕು ಎಂದು ಹೇಳದ ಭಾಷಣಕಾರ ಭೂಮಿಯ ಮೇಲಿಲ್ಲ. ಮೂಲ ಏನು? ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆ ತಮ್ಮ ಹೊಸ ಮುಖ ರೂಢಿಯಾಗಲು ‘ಕನಿಷ್ಠ ಸುಮಾರು’ 21 ದಿನ ಬೇಕು ಎಂದು ಬರೆದರು. ಮೂಗು ರೂಢಿಯಾಗುವ ಲೆಕ್ಕ ಬೆಳಗಿನ ಓಟಕ್ಕೆ ಬಂತು, ‘ಕನಿಷ್ಠ’ ಮತ್ತು ‘ಸುಮಾರು’ ದಾರಿಯಲ್ಲೇ ಉದುರಿಹೋದವು. ಆಮೇಲೆ ಲಂಡನ್ನಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಇಟ್ಟುಕೊಂಡು ಅಧ್ಯಯನ ಮಾಡಿದರು. 18ರಿಂದ 254 ದಿನದವರೆಗೆ ಹರಡಿದ ಫಲಿತಾಂಶ, ನಡುಮಧ್ಯೆ 66. ತಕ್ಷಣ ಭಾಷಣಕಾರರು ‘21 ಸುಳ್ಳು, ವಿಜ್ಞಾನದ ಪ್ರಕಾರ 66’ ಎಂದು ಹೊಸ ಮಂತ್ರ ಶುರುಮಾಡಿದರು. ಹಿಂದುಮುಂದಿನ ಅಂಕಿಗಳು ಎಲ್ಲಿ ಹೋದವೋ! ಅಧ್ಯಯನ ನಡೆದದ್ದು ಬರೀ 84 ದಿನ. 84 ದಿನ ಕಾದು ನೋಡಿದವರಿಗೆ 254ನೇ ದಿನ ಹೇಗೆ ಕಂಡಿತು? ಅದು ಗಣಿತದ ಅಂದಾಜು, ಪ್ರಬಂಧದಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಆ ಪುಟದವರೆಗೆ ಹೋಗಬೇಕಷ್ಟೆ. ನಾವು ಹೋಗುವುದಿಲ್ಲ, ಐದು ನಿಮಿಷದ ಸಾರಾಂಶ ಕೇಳಿಸಿಕೊಂಡು ‘ಓದಿದೆ’ ಎನ್ನುತ್ತೇವೆ.

ಇರಲಿ, ನಗುವುದಕ್ಕೂ ಒಂದು ಮಿತಿ ಇದೆ. ಆ ಡೆಲಾಯ್ಟ್ ವರದಿ ಪರಿಶೀಲಿಸಿದ್ದು ಏನನ್ನು ಗೊತ್ತೇ? ಕೆಲಸ ಹುಡುಕುವವರು ಷರತ್ತು ತಪ್ಪಿದರೆ ಸರ್ಕಾರದ ಭತ್ಯೆಯನ್ನು ತಡೆಹಿಡಿಯುವ, ಕತ್ತರಿ ಹಾಕುವ ವ್ಯವಸ್ಥೆಯನ್ನು. ಕೆಲಸ ಕಳೆದುಕೊಂಡವನು ಹೇಳಿದ್ದಕ್ಕೆಲ್ಲ ಪುರಾವೆ ಕೊಡಬೇಕು. ಅವನ ಬಗ್ಗೆ ಬರೆಯುವವರು ಪುರಾವೆ ಹುಟ್ಟಿಸಿಕೊಳ್ಳಬಹುದು. ಹಣ ಕೊಟ್ಟ ಇಲಾಖೆ ಅದನ್ನು ಪ್ರಕಟಿಸಿಯೂ ಬಿಟ್ಟಿತು. ಕಂಡುಹಿಡಿದದ್ದು ಹೊರಗಿನ ಒಬ್ಬ ವಿಶ್ವವಿದ್ಯಾಲಯದ ಸಂಶೋಧಕ, ಅದೂ ಸುಮ್ಮನೆ ಓದಿದ್ದರಿಂದ. ಬೇಸರವಾಗುತ್ತದೆ, ಅಷ್ಟೆ.

ಮೋಸಹೋದ ಓದುಗರಿಗೆ ಪರಿಹಾರವೇ ಇಲ್ಲ ಅನ್ನಬೇಡಿ, ಒಮ್ಮೆ ಸಿಕ್ಕಿದೆ. ಅಮೆರಿಕದ ಲೇಖಕ ಜೇಮ್ಸ್ ಫ್ರೇ ತಮ್ಮ ಆತ್ಮಕಥನದಲ್ಲಿ 87 ದಿನ ಜೈಲಿನಲ್ಲಿದ್ದೆ ಎಂದು ಬರೆದಿದ್ದರು. 2006ರಲ್ಲಿ ನೋಡಿದರೆ, ಠಾಣೆಯಲ್ಲಿ ಕಳೆದದ್ದು ಕೆಲವೇ ಗಂಟೆ. ಪ್ರಕಾಶಕರು ಹಣ ಮರಳಿಸಲು ಒಪ್ಪಿದರು. ಸತ್ಯಕಥನ ಎಂದು ನಂಬಿ ಕೊಂಡಿದ್ದೆ ಎಂಬ ಪ್ರಮಾಣಪತ್ರ ಬೇಕಿತ್ತು, ಜೊತೆಗೆ ಗಟ್ಟಿರಟ್ಟಿನ ಪ್ರತಿಯಾದರೆ 163ನೇ ಪುಟವನ್ನು ಹರಿದು ಕಳಿಸಬೇಕಿತ್ತು. ಆ ಪುಟದಲ್ಲಿ ಏನಿದೆ ಎಂದು ಹೇಳಬೇಕೆಂಬ ಷರತ್ತು ಇರಲಿಲ್ಲ.