ಹಿತ್ತಲ ಹಳ್ಳದ ಚಕ್ಕುಬಂದಿ

ನಮ್ಮ ಮನೆಯ ಕ್ರಯಪತ್ರದ ಚಕ್ಕುಬಂದಿಯಲ್ಲಿ ಪೂರ್ವಕ್ಕೆ ರಸ್ತೆಯೆಂದೂ, ಉತ್ತರ ದಕ್ಷಿಣಗಳಿಗೆ ಇತರರ ನಿವೇಶನಗಳೆಂದೂ, ಪಶ್ಚಿಮಕ್ಕೆ ಚರಂಡಿಯೆಂದೂ ನಮೂದಾಗಿದೆ. ಚಿಕ್ಕಮಗಳೂರಿನ ಅಂಚಿನ ಈ ಬಡಾವಣೆಗೆ ಬಂದ ಮೊದಲ ಮಳೆಗಾಲದಲ್ಲೇ ಆ ಕೊನೆಯ ಪದದ ಮೇಲೆ ನನಗೆ ಅನುಮಾನ ಹುಟ್ಟಿತು. ಮನುಷ್ಯರು ತೋಡಿದ ಚರಂಡಿ ಗೆರೆ ಎಳೆದಂತೆ ಸಾಗುತ್ತದೆ. ಇದಾದರೋ ಪಕ್ಕದವರ ಹಲಸಿನ ಮರವನ್ನು ಬಳಸಿ, ಒಂದು ಬಂಡೆಯೆದುರು ಮುನಿಸಿಕೊಂಡವರಂತೆ ಹೊರಳಿ, ಎರಡು ಕಡೆಯ ಸಿಮೆಂಟು ಗೋಡೆಗಳನ್ನೂ ತನ್ನ ಡೊಂಕಿಗೆ ಬಗ್ಗಿಸಿಕೊಂಡು ಹರಿಯುತ್ತದೆ. ಹಳೆಯ ಗ್ರಾಮನಕ್ಷೆಯನ್ನು ತರಿಸಿ ನೋಡಿದರೆ ಅಲ್ಲಿ ಎರಡು ಅಂಕುಡೊಂಕು ಗೆರೆಗಳ ನಡುವೆ ಹಳ್ಳವೆಂದೇ ಗುರುತಿತ್ತು. ರಾಗಿ ಹೊಲಗಳ ನಡುವೆ ಹಳ್ಳವಾಗಿದ್ದದ್ದು ಮನೆಗಳ ನಡುವೆ ಚರಂಡಿಯಾಗಿತ್ತು, ಅಷ್ಟೆ.

ಹಾಗಿದ್ದ ಮೇಲೆ ಹಳ್ಳಕ್ಕೂ ಅದರದೇ ಒಂದು ಚಕ್ಕುಬಂದಿ ಇರಲೇಬೇಕಲ್ಲವೇ? ಜಲಾನಯನ ಪ್ರದೇಶವೆಂಬ ಪದ ಸರ್ಕಾರಿ ಫಲಕಗಳ ಮೇಲೆ ಎಷ್ಟೇ ಭಾರವಾಗಿ ಕಂಡರೂ ಅದರ ಅರ್ಥ ಸರಳ: ಎಲ್ಲೆಲ್ಲಿ ಬಿದ್ದ ಮಳೆ ಇಳಿದಿಳಿದು ಈ ಹಳ್ಳಕ್ಕೇ ಬರುತ್ತದೋ ಅಷ್ಟೂ ನೆಲ ಹಳ್ಳದ್ದು. ಅದರ ಎಲ್ಲೆಯನ್ನು ಕಂಡುಹಿಡಿಯಲು ಭಾರತೀಯ ಸರ್ವೇಕ್ಷಣಾ ಇಲಾಖೆಯ ನಕ್ಷೆಯನ್ನು ಹರಡಿಕೊಂಡು ಕುಳಿತೆ. ಐವತ್ತು ಸಾವಿರಕ್ಕೆ ಒಂದರ ಪ್ರಮಾಣದ ಆ ನಕ್ಷೆಯಲ್ಲಿ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಸಮೋನ್ನತಿ ರೇಖೆಗಳು 20 ಮೀಟರ್ ಎತ್ತರಕ್ಕೆ ಒಂದರಂತೆ ಇರುತ್ತವೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಮೈಮೇಲೆ ಅವು ತಲೆಗೂದಲಿನಂತೆ ಒತ್ತೊತ್ತಾಗಿವೆ. ನಮ್ಮ ಬಡಾವಣೆಯೋ ಎರಡು ರೇಖೆಗಳ ನಡುವಿನ ಬಯಲಿನಲ್ಲಿ ಯಾರ ಕಣ್ಣಿಗೂ ಬೀಳದೆ ಕುಳಿತಿದೆ.

ನಕ್ಷೆ ಹೇಳದ್ದನ್ನು ಹೇಳಿಕೊಟ್ಟವರು ಬೀದಿಯಲ್ಲಿ ಕ್ರಿಕೆಟ್ ಆಡುವ ಹುಡುಗರು. ಚೆಂಡು ಮೋರಿಗೆ ಬಿದ್ದೊಡನೆ ಅವರು ಅದರ ಹಿಂದೆ ಓಡುವುದಿಲ್ಲ; ಅವರಲ್ಲಿ ಎಲ್ಲರಿಗಿಂತ ಚಿಕ್ಕವನು ಮೋಟು ಪೊರಕೆಯೊಂದನ್ನು ಹಿಡಿದು ನೇರವಾಗಿ ಹಿಟ್ಟಿನ ಗಿರಣಿಯ ಬಳಿಯ ಮೋರಿಬಾಯಿಗೆ ಹೋಗಿ ಕುಕ್ಕರಗಾಲಿನಲ್ಲಿ ಕಾಯುತ್ತಾನೆ. ಹಾಲಿನ ಪ್ಯಾಕೆಟ್ಟು, ಅಡಿಕೆ ಹಾಳೆಯ ಚೂರು, ಕಾಫಿ ಹೊಟ್ಟಿನ ಕಂದು ನೊರೆ ಒಂದೊಂದಾಗಿ ದಾಟಿದ ಮೇಲೆ ಚೆಂಡು ತಾನಾಗಿ ಬಂದು ಅವನ ಪೊರಕೆಗೆ ತಗಲುತ್ತದೆ. "ನಿಮ್ಮನೆ ಮುಂದೆ ಬಿದ್ರೆ ಇಲ್ಲಿಗೇ ಬರುತ್ತೆ ಅಂಕಲ್, ಟ್ರಾನ್ಸ್‌ಫಾರ್ಮರ್ ಆಚೆ ಬಿದ್ರೆ ಬರಲ್ಲ, ಅದು ದೇವಸ್ಥಾನದ ಕಡೆ ಹೋಗುತ್ತೆ" ಎಂದು ಅವನು ನನಗೆ ತಿಳಿಯಹೇಳಿದನು. ಮರುದಿನದ ತುಂತುರಿನಲ್ಲಿ ಕೊಡೆ ಹಿಡಿದು ಹೋಗಿ ನೋಡಿದೆ. ಟ್ರಾನ್ಸ್‌ಫಾರ್ಮರ್ ಕಂಬದ ಬಳಿ ಡಾಂಬರು ರಸ್ತೆ ಒಂದು ಗೇಣಿನಷ್ಟು ಮಾತ್ರ ಉಬ್ಬಿದೆ. ಆ ಉಬ್ಬಿನ ನೆತ್ತಿಯಲ್ಲಿ ನೀರು ಯಾವ ಕಡೆಗೆ ಹೋಗಲೆಂದು ತೋಚದೆ ತೆಳುವಾಗಿ ನಡುಗುತ್ತ ನಿಂತಿತ್ತು. ಎರಡು ಹೆಜ್ಜೆ ಈಚೆಗೆ ನಮ್ಮ ಹಳ್ಳದತ್ತ ಜಾರುತ್ತಿತ್ತು, ಎರಡು ಹೆಜ್ಜೆ ಆಚೆಗೆ ದೇವಸ್ಥಾನದತ್ತ.

ಹೀಗೆ ನಾಲ್ಕಾರು ಮಳೆಗಳಲ್ಲಿ ನೆನೆದು ಗುರುತಿಸಿದ ಎಲ್ಲೆ ಒಟ್ಟು ಒಂದು ಚದರ ಕಿಲೋಮೀಟರಿಗೂ ಕಡಿಮೆ ಇದ್ದೀತು. ಆದರೆ ಲೆಕ್ಕ ಅಲ್ಲಿಗೆ ಸಣ್ಣದಾಗುವುದಿಲ್ಲ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಲೀಟರ್ ನೀರು. ಮೂವತ್ತು ನಲವತ್ತರ ಒಂದು ನಿವೇಶನದ ಮೇಲೆ 10 ಮಿಲಿಮೀಟರ್ ಸುರಿದರೆ ಸಾವಿರದ ನೂರು ಲೀಟರಿಗೂ ಮಿಗಿಲು, ಒಂದು ಚದರ ಕಿಲೋಮೀಟರಿನ ಮೇಲೆ ಸುರಿದರೆ ಒಂದು ಕೋಟಿ ಲೀಟರ್. ಹೊಲವಾಗಿದ್ದಾಗ ಇದರಲ್ಲಿ ಬಹುಪಾಲನ್ನು ಮಣ್ಣು ಕುಡಿದು, ಉಳಿದದ್ದನ್ನು ನಿಧಾನವಾಗಿ ಬಿಡುತ್ತಿತ್ತು. ಈಗ ತಾರಸಿಯೂ ಕಾಂಕ್ರೀಟು ಅಂಗಳವೂ ಬಿದ್ದದ್ದನ್ನು ಬಿದ್ದಹಾಗೆಯೇ ಕೆಳಗೆ ನೂಕುವುದರಿಂದ ಹಳ್ಳ ಅರ್ಧ ಗಂಟೆಯಲ್ಲಿ ಉಕ್ಕಿ, ಮುಂದಿನ ಅರ್ಧ ಗಂಟೆಯಲ್ಲಿ ಏನೂ ಆಗಿಲ್ಲವೆಂಬಂತೆ ಬಡಕಲಾಗುತ್ತದೆ. ಒಮ್ಮೆ ನಮ್ಮ ಹಿತ್ತಲಿಗೂ ನುಗ್ಗಿ ಒಗೆಯುವ ಕಲ್ಲಿನವರೆಗೆ ಬಂದು ಹೋಗಿದ್ದುಂಟು. ತೊರೆಗಳಿಗೆ ದರ್ಜೆ ಕೊಡುವ ಸ್ಟ್ರಾಲರ್ ಕ್ರಮದಲ್ಲಿ, ಬೇರಾವ ತೊರೆಯೂ ಬಂದು ಸೇರದ ಇಂಥದ್ದು ಒಂದನೇ ದರ್ಜೆಯ ತೊರೆ. ಒಂದನೇ ದರ್ಜೆಯವು ಎರಡು ಕೂಡಿದರೆ ಎರಡನೇ ದರ್ಜೆಯಾಗುತ್ತದೆ. ಒಂದನೆಯದು ಎರಡನೆಯದಕ್ಕೆ ಸೇರಿದರೆ ಮಾತ್ರ ಬಡ್ತಿಯಿಲ್ಲ. ಮೂವತ್ತು ವರ್ಷ ಕಚೇರಿಯಲ್ಲಿ ದುಡಿದ ನನಗೆ ಈ ನಿಯಮ ಬಹಳ ಬೇಗ ಅರ್ಥವಾಯಿತು.

ಕೆಳಗಿನ ದಾರಿ ಸುಲಭ. ಹಳ್ಳ ಕೆರೆಗೆ, ಕೆರೆಯ ಕೋಡಿಯ ನೀರು ಯಗಚಿಗೆ. ಬದರಿಯೆಂಬ ಇನ್ನೊಂದು ಹೆಸರಿರುವ ಯಗಚಿ ಚಂದ್ರದ್ರೋಣ ಪರ್ವತದಲ್ಲಿ ಹುಟ್ಟಿ, ಬೇಲೂರನ್ನು ಹಾದು, ಗೊರೂರಿನ ಬಳಿ ಹೇಮಾವತಿಯನ್ನು ಕೂಡುತ್ತದೆ; ಹೇಮಾವತಿ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತದೆ. ಆದರೆ ಸಖರಾಯಪಟ್ಟಣದ ಮಾರ್ಗವಾಗಿ ಕಡೂರಿನ ಬಸ್ಸು ಹತ್ತಿದವರು ದಾರಿಯಲ್ಲೆಲ್ಲೋ ಕಾವೇರಿಯ ಸೀಮೆಯನ್ನು ದಾಟಿ ಕೃಷ್ಣೆಯ ಸೀಮೆಗೆ ಇಳಿದಿರುತ್ತಾರೆ. ಅದೇ ಪರ್ವತದ ಪೂರ್ವದ ಇಳಿಜಾರಿನ ನೀರು ಅಯ್ಯನಕೆರೆಯನ್ನು ತುಂಬಿಸಿ, ವೇದಾವತಿಯಾಗಿ ಹಿರಿಯೂರಿನ ವಾಣಿವಿಲಾಸ ಸಾಗರಕ್ಕೂ, ಅಲ್ಲಿಂದಾಚೆಗೆ ತುಂಗಭದ್ರೆಗೂ ಹೋಗುತ್ತದೆ. ಎರಡು ಮಹಾನದಿಗಳನ್ನು ಅಗಲಿಸುವ ಆ ದಿಣ್ಣೆಯ ಮೇಲೆ ಬಸ್ಸಿನ ಗೇರು ಬದಲಾಗುವುದನ್ನು ಬಿಟ್ಟರೆ ಬೇರಾವ ಸೂಚನೆಯೂ ಇಲ್ಲ; ನಾನಂತೂ ಅಲ್ಲಿ ಹಲವು ಬಾರಿ ತೂಕಡಿಸಿದ್ದೇನೆ.

ಚಕ್ಕುಬಂದಿಯ ಕೆಲಸ ಮುಗಿಯಿತೆಂದುಕೊಂಡಾಗ ತೊಡಕೊಂದು ಹೊಳೆಯಿತು. ನೀರು ಕೆಳಕ್ಕೇ ಹರಿಯುತ್ತದೆಂಬ ನಂಬಿಕೆಯ ಮೇಲೆ ತಾನೇ ನಾನು ಗೆರೆಯೆಳೆದದ್ದು? ಆದರೆ ಬೇಲೂರಿಗೆ ಮುಂಚೆ ಯಗಚಿಗೆ ಅಣೆಕಟ್ಟಿದೆ, ಆ ಜಲಾಶಯದಿಂದ ನಮ್ಮ ಊರಿಗೆ ಕುಡಿಯುವ ನೀರನ್ನು ಪಂಪಿನಿಂದ ಮೇಲೆತ್ತಿ ತರುತ್ತಾರೆ. ಅಂದರೆ ಹಿತ್ತಲಿನಿಂದ ಹೊರಟದ್ದರಲ್ಲಿ ಒಂದಿಷ್ಟಾದರೂ ವಿದ್ಯುತ್ತಿನ ಖರ್ಚಿನಲ್ಲಿ ದಿಣ್ಣೆ ಹತ್ತಿ, ಶುದ್ಧವಾಗಿ, ಮುಂಬಾಗಿಲಿನ ನಲ್ಲಿಗೆ ಬರುತ್ತಿರಬೇಕು. ಮೊನ್ನೆ ಸಂಜೆ ನೀರು ಬಿಟ್ಟಾಗ ಸಂಪು ತುಂಬಿ ಹೊರಚೆಲ್ಲಿತು. ನಾನು ವಾಲ್ವ್ ತಿರುಗಿಸಲು ಓಡುವಷ್ಟರಲ್ಲಿ ಅದು ಅಂಗಳದ ಚಪ್ಪಡಿಯ ಮೇಲೆ ಹರಡಿ, ಬಾಳೆಯ ಬುಡವನ್ನು ಒಂದು ಸುತ್ತು ಹಾಕಿ, ಹಿಂಗೋಡೆಯ ಕಿಂಡಿಯಿಂದ ಹಳ್ಳಕ್ಕಿಳಿದು ಮತ್ತೆ ಬೇಲೂರಿನ ದಾರಿ ಹಿಡಿಯಿತು.