ಎಳೆದರೆ ಹಿಗ್ಗುವ ಲೇಸು, ಬಿಟ್ಟರೆ ಉಳಿಯುವ ಬಾಲ

ನಮ್ಮ ಉಡುಪಿಯಲ್ಲಿ ಶೂ ಇರುವುದು ಹಾಕಿಕೊಂಡು ನಡೆಯಲಿಕ್ಕಲ್ಲ, ಬಿಚ್ಚಿಡಲಿಕ್ಕೆ. ರಥಬೀದಿಯ ಕ್ರಮ ಗೊತ್ತಲ್ವಾ? ಮೊದಲು ಚಂದ್ರಮೌಳೀಶ್ವರ, ಆಮೇಲೆ ಅನಂತೇಶ್ವರ, ಕೊನೆಗೆ ಕೃಷ್ಣ. ಮೂರಕ್ಕೂ ಸೇರಿ ಒಮ್ಮೆ ಬಿಚ್ಚಿಟ್ಟರೆ ಸಾಕು, ಅದು ದೇವರ ದಯೆ. ಮನುಷ್ಯರದ್ದು ಹಾಗಲ್ಲ. ಹಲ್ಲಿನ ಡಾಕ್ಟ್ರ ಬಾಗಿಲಲ್ಲಿ "ಪಾದರಕ್ಷೆ ಹೊರಗೆ ಬಿಡಿ" ಅಂತ ಬೋರ್ಡು. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಬೋರ್ಡು. ಜೆರಾಕ್ಸ್ ಅಂಗಡಿಯವರು ಹೊಸ ಟೈಲ್ಸ್ ಹಾಕಿಸಿದಂದಿನಿಂದ ಅಲ್ಲೂ ಬೋರ್ಡು. ಗುರುತಿನವರ ಮನೆಗೆ ಹೋದರೆ "ಇರಲಿ, ಇರಲಿ, ಹಾಕ್ಕೊಂಡೇ ಬನ್ನಿ" ಅನ್ನುತ್ತಾರೆ. ಬಾಯಿ ಹಾಗೆ ಹೇಳುವಾಗ ಕಣ್ಣು ಮಾತ್ರ ನಮ್ಮ ಕಾಲಿನ ಮೇಲೆಯೇ ಇರುತ್ತದೆ.

ಅದಕ್ಕೇ ಇಲ್ಲಿ ಬುದ್ಧಿ ಇದ್ದವರು ಚಪ್ಪಲಿ ಹಾಕುತ್ತಾರೆ. ನಾನೂ ಹಾಕುತ್ತಿದ್ದೆ. ಮೊಣಕಾಲು ನೋವು ಅಂತ ಹೋದಾಗ ಡಾಕ್ಟ್ರು, "ದಿನಾ ವಾಕಿಂಗ್ ಮಾಡಿ, ಶೂ ಹಾಕಿಯೇ ಮಾಡಿ" ಎಂದರು. ಅಂದರೆ ಮೊಣಕಾಲು ನೋವಿನವನು ದಿನಾ ಬಗ್ಗಿ ಲೇಸು ಕಟ್ಟಬೇಕು, ವಾಪಸು ಬಂದು ಬಗ್ಗಿ ಬಿಚ್ಚಬೇಕು. ನನಗೂ ಲೇಸಿಗೂ ನಡುವೆ ಒಂದು ಹೊಟ್ಟೆ ಬೇರೆ ಉಂಟು. ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಹತ್ತಿಯ ಲೇಸು ನೀರು ಕುಡಿದು ಉಬ್ಬಿ, ಗಂಟು ಕಲ್ಲಾಗುತ್ತದೆ. ಉಗುರಿಗೆ ಬಗ್ಗುವುದಿಲ್ಲ, ಹಲ್ಲು ಹಾಕೋಣ ಅಂದರೆ ಹಲ್ಲು ಅಲ್ಲಿಯವರೆಗೆ ಮುಟ್ಟುವುದಿಲ್ಲ. ಜಗಲಿಯಲ್ಲಿ ಕೂತು ಹೆಂಡತಿಯ ಕಡೆ ಕಾಲು ಚಾಚಿದರೆ ಅವಳದ್ದು ಒಂದೇ ಮಾತು: "ಕತ್ತರಿ ತರ್ಲಾ?"

ಈ ಕಷ್ಟ ಬೆಂಗಳೂರಿನಲ್ಲಿರುವ ಅಕ್ಕನ ಮಗನ ಕಿವಿಗೆ ಬಿತ್ತು. ಅವನು ಟ್ರಯಾಥ್ಲಾನ್ ಮಾಡುತ್ತಾನೆ. ಮೊದಲು ಈಜುವುದು, ನೀರಿನಿಂದ ಎದ್ದು ಸೈಕಲ್ ತುಳಿಯುವುದು, ಸೈಕಲ್ ಬಿಟ್ಟು ಓಡುವುದು. ಇಷ್ಟನ್ನೂ ದುಡ್ಡು ಕೊಟ್ಟು ಮಾಡುವುದು. 2000ದ ಸಿಡ್ನಿ ಒಲಿಂಪಿಕ್ಸಿನಿಂದ ಇದು ಒಲಿಂಪಿಕ್ಸಿನಲ್ಲೂ ಉಂಟು. ಈ ಆಟದಲ್ಲಿ ಶೂ ಬದಲಿಸುವಾಗಲೂ ಗಡಿಯಾರ ನಿಲ್ಲುವುದಿಲ್ಲ. ಒದ್ದೆ ಕಾಲು, ನಡುಗುವ ಕೈ ಇಟ್ಟುಕೊಂಡು ಲೇಸು ಕಟ್ಟುತ್ತಾ ಕೂತರೆ ಹಿಂದಿದ್ದವರೆಲ್ಲ ಮುಂದೆ ಹೋಗಿರುತ್ತಾರೆ. ಅದಕ್ಕೆ ಅವರೆಲ್ಲ ಎಲಾಸ್ಟಿಕ್ ಲೇಸು ಹಾಕುತ್ತಾರಂತೆ. ಒಮ್ಮೆ ಪೋಣಿಸಿ ಬಿಗಿ ಮಾಡಿದರೆ ಮುಗಿಯಿತು. ಕಾಲು ತೂರಿಸುವಾಗ ಹಿಗ್ಗುತ್ತದೆ, ತೂರಿಸಿದ ಮೇಲೆ ಹಿಡಿದುಕೊಳ್ಳುತ್ತದೆ. "ಮಾವ, ನಿಮಗೂ ಒಂದು ಜೊತೆ ಕಳಿಸ್ತೇನೆ" ಅಂದ. ಅವನಿಗೆ ಸೆಕೆಂಡು ಉಳಿಯಬೇಕು, ನನಗೆ ಸೊಂಟ.

ಲೇಸು ಬಂತು, ಕಪ್ಪು ಬಣ್ಣದ್ದು. ಪೋಣಿಸಿದೆ. ನಿಂತಲ್ಲೇ ಕಾಲು ಹಾಕಿದೆ, ಹೋಯಿತು. ತೆಗೆದೆ, ಬಂತು. ಸುಮ್ನೆ ಖುಷಿಗೆ ಮತ್ತೆ ಹಾಕಿ ಮತ್ತೆ ತೆಗೆದೆ. ಅವತ್ತು ಕೆಲಸವಿಲ್ಲದಿದ್ದರೂ ಜೆರಾಕ್ಸ್ ಅಂಗಡಿಗೆ ಹೋಗಿ ಬಂದೆ.

ತೊಂದರೆ ಇದ್ದದ್ದು ತುದಿಯಲ್ಲಿ. ಎಲಾಸ್ಟಿಕ್ ಲೇಸನ್ನು ಎಳೆದು ಬಿಗಿ ಮಾಡಿದಾಗ ಎರಡೂ ಕಡೆ ಗೇಣುದ್ದ ಬಾಲ ಉಳಿಯುತ್ತದೆ. ಅದನ್ನು ಏನು ಮಾಡುವುದು? ಮಾಮೂಲಿನಂತೆ ಚಿಟ್ಟೆ ಗಂಟು ಹಾಕಿದರೆ ನಿಲ್ಲುವುದಿಲ್ಲ. ಲೇಸಿನ ಒಳಗೆ ಸಪೂರದ ರಬ್ಬರ್ ಎಳೆಗಳು, ಹೊರಗೆ ನುಣುಪು ಪಾಲಿಯೆಸ್ಟರ್ ನೂಲಿನ ಹೆಣಿಗೆ. ಹೆಜ್ಜೆ ಇಟ್ಟಾಗ ಎಳೆದು ತೆಳ್ಳಗಾಗುತ್ತದೆ, ಎತ್ತಿದಾಗ ಮತ್ತೆ ದಪ್ಪ. ಹೀಗೆ ಉಸಿರಾಡುವ ಲೇಸಿನಲ್ಲಿ ಗಂಟು ಎಷ್ಟು ಹೊತ್ತು ಇದ್ದೀತು?

ಸಾದಾ ಲೇಸಿನ ಗಂಟೇ ಯಾಕೆ ಬಿಚ್ಚಿಹೋಗುತ್ತದೆ ಅಂತ ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಎಂಜಿನಿಯರುಗಳು 2017ರಲ್ಲಿ ಒಂದು ಸಂಶೋಧನೆಯನ್ನೇ ಪ್ರಕಟಿಸಿದ್ದಾರೆ. ಟ್ರೆಡ್‌ಮಿಲ್ ಮೇಲೆ ಓಡುವ ಕಾಲನ್ನು ನಿಧಾನಗತಿಯಲ್ಲಿ ಚಿತ್ರ ತೆಗೆದು ನೋಡಿದ್ದಾರೆ. ಓಡುವಾಗ ಕಾಲು ನೆಲಕ್ಕೆ ಬಡಿಯುವ ಹೊಡೆತ ಗುರುತ್ವಾಕರ್ಷಣೆಯ 7 ಪಟ್ಟಂತೆ. ಆ ಹೊಡೆತಕ್ಕೆ ಗಂಟು ಸಡಿಲವಾಗುತ್ತದೆ. ಕಾಲು ಮುಂದಕ್ಕೆ ಬೀಸುವಾಗ ಲೇಸಿನ ತುದಿಗಳೂ ಬೀಸಿ ಬೀಸಿ ಗಂಟನ್ನು ಎಳೆಯುತ್ತವೆ. ಒಮ್ಮೆ ಜಾರಲು ಶುರುವಾದರೆ ಕೆಲವೇ ಸೆಕೆಂಡು, ಕತೆ ಮುಗಿಯಿತು. ನೋಡಿ, ಅಲ್ಲೂ ಬಾಲವೇ ಕಳ್ಳ.

ಲೇಸಿನ ಜೊತೆ ಒಂದು ಗುಂಡಿಯ ಲಾಕು ಬಂದಿತ್ತು. ರೈನ್‌ಕೋಟಿನ ಟೊಪ್ಪಿಯ ಹಗ್ಗದಲ್ಲಿ ಇರುತ್ತದಲ್ಲ, ಅದೇ. ಗುಂಡಿ ಒತ್ತಿದರೆ ತೂತು ತೆರೆಯುತ್ತದೆ, ಬಿಟ್ಟರೆ ಒಳಗಿನ ಸ್ಪ್ರಿಂಗು ಲೇಸನ್ನು ಕಚ್ಚಿ ಹಿಡಿಯುತ್ತದೆ. ಮಿಕ್ಕ ಬಾಲ ಕತ್ತರಿಸಿ ತುದಿಗೆ ಇನ್ನೊಂದು ಕ್ಲಿಪ್ಪು. ಒಳ್ಳೆಯ ಐಡಿಯಾ. ಆದರೆ ಅದನ್ನು ಮಾಡಿದವರು ಮಲ್ಪೆ ಬೀಚು ನೋಡಿದವರಲ್ಲ. ಅಲ್ಲಿ ನಾಲ್ಕು ದಿನ ವಾಕಿಂಗ್ ಹೋದದ್ದಕ್ಕೆ ಗುಂಡಿಯೊಳಗೆ ಮರಳು ಸೇರಿತು. ಉಪ್ಪುಗಾಳಿಗೆ ಸ್ಪ್ರಿಂಗು ತುಕ್ಕು ಹಿಡಿಯಿತು. ಒತ್ತಿದ ಗುಂಡಿ ಒತ್ತಿದಲ್ಲೇ ಉಳಿಯಿತು. ಲಾಕು ಜಾರಿ ಲೇಸಿನ ತುದಿಗೆ ಹೋಗಿ ಹೆಜ್ಜೆಗೊಮ್ಮೆ ಟಕ್ ಟಕ್ ಅನ್ನಲು ಶುರು ಮಾಡಿತು. ಅಜ್ಜರಕಾಡಿನ ಭುಜಂಗ ಪಾರ್ಕಿನಲ್ಲಿ ಮುಂದೆ ಹೋಗುವವರೆಲ್ಲ ಬದಿಗೆ ಸರಿದು ನನಗೆ ದಾರಿ ಬಿಡುತ್ತಿದ್ದರು. ಯಾರೋ ಹೈಹೀಲ್ಸ್ ಹಾಕಿದ ಮಹಿಳೆ ಬರುತ್ತಿದ್ದಾರೆ ಅಂತ ಎಣಿಸಿರಬೇಕು. ತಿರುಗಿ ನೋಡಿದಾಗ ಅವರಿಗಾದ ನಿರಾಸೆ ನನಗೆ ಕಾಣುತ್ತಿತ್ತು.

"ಸ್ವಲ್ಪ ಕೊಬ್ಬರಿ ಎಣ್ಣೆ ಬಿಡಿ" ಎಂದಳು ಹೆಂಡತಿ. ಬಾಗಿಲ ಕೀಲಿನಿಂದ ತಲೆಶೂಲೆಯವರೆಗೆ ಅವಳ ಮದ್ದು ಅದೊಂದೇ. ಆ ಹೊತ್ತಿಗೆ ಸುಳ್ಯದ ಭಾವ ಬಂದಿದ್ದರು. ಅವರಿಗೆ ರಬ್ಬರ್ ತೋಟ ಉಂಟು. ಅವರು ಎದ್ದು ನಿಂತೇಬಿಟ್ಟರು. "ರಬ್ಬರಿಗೆ ಎಣ್ಣೆ ಆಗ್ಲಿಕ್ಕಿಲ್ಲ ಮಾರಾಯ್ರೆ, ಉಬ್ಬಿ ಮೆತ್ತಗಾಗ್ತದೆ!" ಅದು ನಿಜವೇ. ಆದರೆ ಅಲ್ಲಿಂದ ಅವರು ಮಳೆಗಾಲದಲ್ಲಿ ಮರಕ್ಕೆ ಪ್ಲಾಸ್ಟಿಕ್ ಲಂಗ ಕಟ್ಟುವುದು, ಟ್ಯಾಪಿಂಗಿಗೆ ಜನ ಸಿಗದಿರುವುದು, ಶೀಟಿನ ರೇಟು ಬಿದ್ದದ್ದು ಎಲ್ಲ ಹೇಳಿ ಮುಗಿಸುವಾಗ ರಾತ್ರಿ ಊಟದ ಹೊತ್ತಾಗಿತ್ತು. ಲಾಕು ಹಾಗೇ ಇತ್ತು.

ಆಮೇಲೆ ಬಂದದ್ದು ಲೋಹದ ಡಬ್ಬಿ. ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದು, ಎರಡು ಭಾಗ. ಲೇಸಿನ ಎರಡೂ ತುದಿಗಳನ್ನು ಒಂದರೊಳಗೆ ತೂರಿಸಿ ಗಂಟು ಹಾಕಿ, ಬಾಲ ಕತ್ತರಿಸಿ, ಇನ್ನೊಂದನ್ನು ಮೇಲಿಂದ ತಿರುಗಿಸಿ ಮುಚ್ಚುವುದು. ಗಂಟು ಒಳಗೆ, ಹೊರಗೆ ಬರೀ ಹೊಳಪು. ನೋಡಲು ಎಷ್ಟು ಚೆಂದ ಅಂದರೆ, ನಾನು ಎರಡು ದಿನ ತಲೆ ಬಗ್ಗಿಸಿಯೇ ನಡೆದೆ. ಮೂರನೆಯ ದಿನ ನೋಡುವಾಗ ಒಂದು ಕಾಲಿನ ಮುಚ್ಚಳ ಇಲ್ಲ. ಹೆಜ್ಜೆ ಹೆಜ್ಜೆಗೂ ಅಲುಗಿ ಅದರಷ್ಟಕ್ಕೆ ತಿರುಗಿ ಬಿಚ್ಚಿಕೊಂಡಿತ್ತು. ಪಾರ್ಕಿನ ದಾರಿಯಲ್ಲಿ ಹುಡುಕುತ್ತಿದ್ದೆ.

"ಎಂತ ಹುಡುಕ್ತಾ ಇದ್ದೀರಿ ಮಾರಾಯ್ರೆ?"

"ಲೇಸಿನ ಮುಚ್ಚಳ."

"ಲೇಸಿಗೆ ಮುಚ್ಚಳವಾ?"

ಉಡುಪಿಯಲ್ಲಿ ಒಬ್ಬ ಬಗ್ಗಿದರೆ ಹತ್ತು ಜನ ಬಗ್ಗುತ್ತಾರೆ. ನಿವೃತ್ತ ಬ್ಯಾಂಕಿನವರು, ಮೇಷ್ಟ್ರು, ನಗೆಕೂಟದ ಹೆಂಗಸರು, ಎಲ್ಲರೂ ಹುಡುಕಿದರು. ಒಂದು ಬೆಂಡೋಲೆ ಸಿಕ್ಕಿತು, ಅದರ ಯಜಮಾನಿಯೂ ಸಿಕ್ಕಿದರು. ಮುಚ್ಚಳ ಸಿಗಲಿಲ್ಲ.

ಈಗ ಉಳಿದದ್ದು ಕತ್ತರಿಸಿದ ತುದಿ. ಎಲಾಸ್ಟಿಕ್ ಲೇಸು ಕತ್ತರಿಸುವುದನ್ನು ಹತ್ತಿರದಿಂದ ನೋಡಿದ್ದೀರಾ? ಕತ್ತರಿ ತಾಗಿದ ಕೂಡಲೇ ಒಳಗಿನ ಬಿಳಿ ರಬ್ಬರ್ ಎಳೆಗಳು ಬಸವನಹುಳು ಕೊಂಬು ಎಳೆದುಕೊಂಡಂತೆ ಸುಯ್ ಅಂತ ಒಳಗೆ ಹೋಗಿಬಿಡುತ್ತವೆ. ಹೊರಗಿನ ಹೆಣಿಗೆ ಖಾಲಿ ಚೀಲವಾಗಿ ನೇತಾಡಿ, ನೂಲು ನೂಲಾಗಿ ಬಿಚ್ಚಿಕೊಳ್ಳಲು ಶುರು. ಅಂಗಡಿಯಿಂದ ಬರುವಾಗ ತುದಿಯಲ್ಲಿ ಇದ್ದ ಆ ಪ್ಲಾಸ್ಟಿಕ್ ಕೊಳವೆಯ ಬೆಲೆ ಆಗ ಗೊತ್ತಾಗುತ್ತದೆ.

ಅಕ್ಕನ ಮಗನಿಗೆ ಫೋನು. "ಬೆಂಕಿ ತೋರಿಸಿ ಮಾವ, ಕರಗಿ ಅಂಟಿಕೊಳ್ತದೆ." ಪಾಲಿಯೆಸ್ಟರ್ ಕರಗುತ್ತದೆ, ಸುಳ್ಳಲ್ಲ. ರಬ್ಬರ್ ಕರಗುವ ಜಾತಿಯದಲ್ಲ. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಎಂಬಾತ ರಬ್ಬರಿಗೆ ಗಂಧಕ ಸೇರಿಸಿ ಕಾಯಿಸುವುದನ್ನು ಕಂಡುಕೊಂಡ ಮೇಲೆ ಅದು ಬಿಸಿಲಿಗೆ ಅಂಟಾಗುವುದೂ ನಿಂತಿತು, ಚಳಿಗೆ ಬಿರಿಯುವುದೂ ನಿಂತಿತು. ಒಳ್ಳೆಯದೇ. ಆದರೆ ಆ ಗಂಧಕದ ರಬ್ಬರನ್ನು ಅಡುಗೆಮನೆಯ ಗ್ಯಾಸಿಗೆ ಹಿಡಿದರೆ ಬರುವ ವಾಸನೆಯ ಬಗ್ಗೆ ಅಕ್ಕನ ಮಗ ಏನೂ ಹೇಳಿರಲಿಲ್ಲ. ಹೆಂಡತಿ ದೇವರ ಕೋಣೆಯಿಂದಲೇ ಕೂಗಿದಳು: "ವಯರ್ ಸುಡ್ತಾ ಉಂಟು!" ನಾನು ಬಾಯಿ ತೆರೆಯುವ ಮೊದಲೇ ಮೇನ್ ಸ್ವಿಚ್ ಆಫ್ ಆಗಿತ್ತು. ಪಕ್ಕದ ಮನೆಯ ಅಕ್ಕ ಮರಳು ತುಂಬಿದ ಬಕೆಟ್ ಹಿಡಿದು ಬಂದರು. ಅವರ ಮಗ ಎಲೆಕ್ಟ್ರಿಷಿಯನ್ನನ್ನೇ ಕರೆತಂದ.

ಎಲೆಕ್ಟ್ರಿಷಿಯನ್ ಫ್ಯೂಸು ನೋಡಿದ, ಬೋರ್ಡು ಬಿಚ್ಚಿದ, ಮೂಗು ಹಿಡಿದುಕೊಂಡು ವಾಸನೆಯ ಜಾಡು ಹಿಡಿದು ಸೀದಾ ನನ್ನ ಕೈಯಲ್ಲಿದ್ದ ಲೇಸಿನ ಹತ್ತಿರ ಬಂದು ನಿಂತ. ಹುಡುಗ ಒಳ್ಳೆಯವನು, ನಗಲಿಲ್ಲ. ಚೀಲದಿಂದ ಸಪೂರದ ಕಪ್ಪು ಸ್ಲೀವ್ ತೆಗೆದ. ವಯರಿನ ಜಾಯಿಂಟಿಗೆ ಹಾಕುವ ಹೀಟ್ ಶ್ರಿಂಕ್ ಸ್ಲೀವ್. ಬೆರಳಗಲದ ತುಂಡು ಕತ್ತರಿಸಿ ಲೇಸಿನ ತುದಿಗೆ ಹಾಕಿ, ಲೈಟರನ್ನು ಸ್ವಲ್ಪ ದೂರದಲ್ಲಿ ಹಿಡಿದ. ಸ್ಲೀವ್ ನೋಡನೋಡುತ್ತ ಕುಗ್ಗಿ ಲೇಸನ್ನು ಅಪ್ಪಿಕೊಂಡಿತು. ವಾಸನೆ ಇಲ್ಲ, ಹೊಗೆ ಇಲ್ಲ. ಅಂಗಡಿಯ ತುದಿಗಿಂತ ಚೆನ್ನಾಗಿತ್ತು. ಯಾರಿಗಾದರೂ ತುದಿ ಬಿಚ್ಚಿಕೊಳ್ಳುವ ಕಷ್ಟ ಇದ್ದರೆ ಇದನ್ನೇ ಮಾಡಿ, ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುತ್ತದೆ. ನನಗೆ ಮಾತ್ರ ಎಲೆಕ್ಟ್ರಿಷಿಯನ್ನನ ಮನೆಗೆ ಬಂದ ಚಾರ್ಜೂ ಸೇರಿತು.

ಆದರೆ ಅದರಿಂದ ಆದದ್ದೇನು? ಬಾಲಕ್ಕೆ ಟೊಪ್ಪಿ ಬಂತು, ಬಾಲ ಹಾಗೇ ಉಳಿಯಿತು. ಕೊನೆಯ ತೂತಿನ ಒಳಗಡೆ ಎಂಟರ ಆಕಾರದ ಗಂಟು ಹಾಕಿ ಅಡಗಿಸಿದೆ. ತೂತಿನಿಂದ ಜಾರದ ಗಂಟು ಅದು, ಒಪ್ಪಿದೆ. ಆದರೆ ಜಾರದಷ್ಟು ದಪ್ಪ ಇದ್ದದ್ದು ಪಾದಕ್ಕೆ ಒತ್ತದೆ ಇರುತ್ತದಾ? ತೂತಿಗೊಂದು ತುಂಡಿನಂತೆ ಸಿಗುವ ಸಿಲಿಕೋನ್ ಲೇಸನ್ನೂ ನೋಡಿದೆ. ಅದಕ್ಕೆ ಬಾಲವೇ ಇಲ್ಲ. ಅದರ ಒಂದು ತುಂಡು ಸಿಟಿ ಬಸ್ಸಿನಲ್ಲಿ ಹಾರಿ ಕಂಡಕ್ಟರನ ಟಿಕೆಟ್ ಮೆಶಿನಿಗೆ ತಾಗಿತು. ಅವನು ಮೇಲೆ ನೋಡಿದ, ನಾನೂ ಮೇಲೆ ನೋಡಿದೆ.

ಹೀಗಿರುವಾಗ ಮಲ್ಪೆಯಲ್ಲಿ ಗುರುತಿನವರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಅಂಗಳದ ತುಂಬ ಚಪ್ಪಲಿ, ಶೂ. ಊಟ ಮುಗಿಸಿ ಬಂದರೆ ನನ್ನ ಶೂ ಇಲ್ಲ. ಅದೇ ಬಣ್ಣದ, ಹಿಮ್ಮಡಿ ತುಳಿದು ಚಪ್ಪಟೆಯಾದ ಇನ್ನೊಂದು ಜೊತೆ ಮಾತ್ರ ಉಳಿದಿತ್ತು. ಅದನ್ನೇ ಎಳೆದುಕೊಂಡು ಮನೆಗೆ ಬಂದೆ. ಯೋಚಿಸಿದರೆ ಎಲಾಸ್ಟಿಕ್ ಲೇಸಿನ ದೊಡ್ಡ ಐಬು ಇದೇ. ಗಟ್ಟಿಯಾಗಿ ಗಂಟು ಹಾಕಿದ ಸಾದಾ ಲೇಸಿನ ಶೂ ಆದರೆ ಬೇರೆಯವರ ಕಾಲು ಒಳಗೆ ಹೋಗುವುದಿಲ್ಲ, ಹೋಗದಿದ್ದರೆ ನಮ್ಮದಲ್ಲ ಅಂತ ಗೊತ್ತಾಗುತ್ತದೆ. ಎಲಾಸ್ಟಿಕ್ ಲೇಸಿನ ಶೂ ಯಾರು ಬಂದರೂ ಬೇಡ ಅನ್ನುವುದಿಲ್ಲ.

ರಾತ್ರಿ ಫೋನ್ ಬಂತು. "ತಪ್ಪು ತಿಳಿಯಬೇಡಿ, ಹಾಕುವಾಗ ಸುಲಭದಲ್ಲಿ ಹೋಯ್ತು, ನನ್ನದೇ ಅಂತ ಎಣಿಸಿದೆ. ಬೆರಳಿಗೆ ಸ್ವಲ್ಪ ಬಿಗಿ ಆಗ್ತಿತ್ತು. ಪಾಯಸ ಜಾಸ್ತಿ ಆಯ್ತು ಅಂತ ಸುಮ್ಮನಾದೆ."

ಮರುದಿನ ಬೆಳಿಗ್ಗೆ ಶೂ ಚೀಲದಲ್ಲಿ ಹಿಡಿದು ಅವರೇ ಬಂದರು. ಬಂದರಿನಲ್ಲಿ ಬಲೆ ರಿಪೇರಿ ಮಾಡುವವರು. ಎಡಗಾಲಿನ ಶೂ ನೋಡಿದೆ, ಬಾಲ ಇಲ್ಲ! ಎರಡು ತುದಿ ಸೇರುವ ಜಾಗದಲ್ಲಿ ಬಲೆಯ ನೈಲಾನ್ ನೂಲನ್ನು ಒತ್ತೊತ್ತಾಗಿ ಸುತ್ತಿ, ಮಿಕ್ಕದ್ದನ್ನು ಕತ್ತರಿಸಿದ್ದರು. ಗಂಟು ಎಲ್ಲಿ ಅಂತ ಹುಡುಕಿದರೂ ಕಾಣುವುದಿಲ್ಲ.

"ಬಾಲ ನೇತಾಡ್ತಾ ಇತ್ತು, ನೋಡಿ ಇರ್ಲಿಕ್ಕೆ ಆಗ್ಲಿಲ್ಲ. ಬೋಟಿನ ಹಗ್ಗದ ತುದಿಗೆ ನಾವು ಹೀಗೇ ಕಟ್ಟುವುದು" ಎಂದರು. ಬಲಗಾಲಿನದ್ದನ್ನು ನಮ್ಮ ಜಗಲಿಯಲ್ಲೇ ಕೂತು ಮಾಡಿದರು. ನೂಲನ್ನು ಒಂದು ಮಡಿಕೆ ಮಾಡಿ ಲೇಸಿನ ಉದ್ದಕ್ಕೆ ಇಟ್ಟರು. ಅದರ ಮೇಲಿಂದ ಸುತ್ತುತ್ತಾ ಬಂದು, ಕೊನೆಯ ತುದಿಯನ್ನು ಆ ಮಡಿಕೆಯೊಳಗೆ ತೂರಿಸಿ, ಆಚೆ ಕಡೆಯಿಂದ ಎಳೆದರು. ತುದಿ ಸುತ್ತಿನ ಕೆಳಗೆ ನುಗ್ಗಿ ಮಾಯವಾಯಿತು. "ಲೇಸನ್ನು ಎಳೆದು ಹಿಡಿದು ಸುತ್ತಬೇಕು. ಬಿಟ್ಟ ಮೇಲೆ ರಬ್ಬರ್ ಉಬ್ಬಿ ತಾನೇ ಬಿಗಿ ಆಗ್ತದೆ." ಅಷ್ಟು ದಿನ ನನ್ನ ಗಂಟು ಬಿಚ್ಚುತ್ತಿದ್ದ ಅದೇ ರಬ್ಬರು ಅವರ ಕೈಯಲ್ಲಿ ಗಂಟು ಕಾಯುವ ಕೆಲಸಕ್ಕೆ ಸೇರಿತ್ತು.

ಅವರು ಕಾಫಿ ಕುಡಿದು ತಮ್ಮ ಶೂ ಹಾಕಿಕೊಂಡು ಹೋದರು. ಹೆಂಡತಿ ಒಳಗಿನಿಂದ ನನ್ನ ಮುರಿದ ಕೊಡೆ ತಂದು ಬಾಗಿಲ ಹತ್ತಿರ ಇಟ್ಟಳು.

"ಮುಂದಿನ ಪೂಜೆಗೆ ಇದನ್ನೂ ತಕೊಂಡು ಹೋಗಿ, ಅಂಗಳದಲ್ಲಿ ಬಿಟ್ಟು ಬನ್ನಿ."