ಕರೆಯೋಲೆ ಹಾಕಿದರೆ ದೀಪ ಉರಿಯುತ್ತದೆ

ಕೊಡಗಿಗೆ ರೈಲಿಲ್ಲ. ನಮ್ಮ ಅತ್ತೆ ಶನಿವಾರಸಂತೆಯ ಮಗ್ಗುಲಲ್ಲಿ ಹುಟ್ಟಿ, ಅಲ್ಲೇ ಮದುವೆಯಾಗಿ, ಎಪ್ಪತ್ತೆಂಟು ವರ್ಷ ಕಾಫಿ ಗಿಡಗಳ ನಡುವೆಯೇ ಕಳೆದವರು. ರೈಲಿನ ಬರ್ತ್ ಎಂದರೆ ಹೇಗಿರುತ್ತದೆ ಎಂದು ಅವರು ಮೊದಲ ಸಲ ನೋಡಿದ್ದು ಕಳೆದ ಮೇ ತಿಂಗಳಲ್ಲಿ, ಮಡಿಕೇರಿಯ ಹೋಟೆಲೊಂದರ ಮೂರನೆಯ ಮಹಡಿಯಲ್ಲಿ. ಮೇಲಿನ ಬರ್ತಿನಲ್ಲಿ ನಾನಿದ್ದೆ. ಕೆಳಗಿನಿಂದ ಕತ್ತೆತ್ತಿ, "ಅಳಿಯಂದಿರೇ, ಅಲ್ಲಿಂದ ಬಿದ್ದರೆ ನೇರ ನನ್ನ ಮೇಲೇ ಬೀಳುತ್ತೀರಿ, ಸ್ವಲ್ಪ ಗೋಡೆಯ ಕಡೆ ಸರಿಯಿರಿ" ಎಂದರು.

ನನ್ನ ಹೆಂಡತಿಯ ಚಿಕ್ಕಪ್ಪನ ಮೊಮ್ಮಗಳ ಮದುವೆ. ಮೇ ತಿಂಗಳೆಂದರೆ ಒಂದು ಕಡೆ ಲಗ್ನಗಳ ಸಾಲು, ಇನ್ನೊಂದು ಕಡೆ ಬಯಲುಸೀಮೆಯ ಬಿಸಿಲು ತಾಳದೆ ಬೆಟ್ಟ ಹತ್ತಿದ ಪ್ರವಾಸಿಗರು. ಹೋಮ್‌ಸ್ಟೇಗಳೆಲ್ಲ ಭರ್ತಿ. ಮದುಮಗಳ ಅಣ್ಣ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಹುಡುಗ. ಹೇಗೋ ಹುಡುಕಿ ನಮ್ಮ ಮೂವರಿಗೆ ಒಂದು ಕೋಣೆ ಹಿಡಿದಿದ್ದ. "ಕೋಣೆ ಸಣ್ಣದು ಮಾವ, ಆದರೆ ಪೂರ್ತಿ ಸ್ಮಾರ್ಟ್" ಎಂದ. ಮೂವತ್ತು ವರ್ಷ ಮೇಷ್ಟರಾಗಿದ್ದವನು ನಾನು. ಸ್ಮಾರ್ಟ್ ಎಂದು ಹೊಗಳಿಸಿಕೊಂಡವರು ಹೇಳಿದ ಮಾತು ಕೇಳುವುದಿಲ್ಲ ಎಂಬುದು ಗೊತ್ತಿದ್ದೂ ಒಪ್ಪಿಕೊಂಡೆ.

ಹೋಟೆಲಿನ ಗಾಜಿನ ಬಾಗಿಲು ತಾನಾಗಿಯೇ ತೆರೆದುಕೊಂಡಿತು. ಇಷ್ಟು ಮರ್ಯಾದೆ ಕೊಡುವ ಮನೆಗೆ ಚಪ್ಪಲಿ ಹಾಕಿಕೊಂಡು ಹೋಗುವುದು ಹೇಗೆ ಎಂದು ಅತ್ತೆ ಚಪ್ಪಲಿಯನ್ನು ಹೊರಗೆ ಬಿಟ್ಟರು. ಒಳಗೆ ನರಪಿಳ್ಳೆ ಇರಲಿಲ್ಲ. ಆಳೆತ್ತರದ ಒಂದು ಪರದೆ ನಿಂತಿತ್ತು. ಅದು ಬುಕಿಂಗ್ ಸಂಖ್ಯೆ ಕೇಳಿತು, ಕೊಟ್ಟೆ. ಗುರುತಿನ ಚೀಟಿ ಕೇಳಿತು, ತೋರಿಸಿದೆ. ಮುಖ ತೋರಿಸಿ ಎಂದಿತು. ಅತ್ತೆ ಮುಂದೆ ಬಂದು ಭಕ್ತಿಯಿಂದ ಎರಡೂ ಕೈ ಎತ್ತಿ ಮುಗಿದರು. "ಮುಖಕ್ಕೆ ಅಡ್ಡವಾಗಿರುವುದನ್ನು ತೆಗೆಯಿರಿ" ಎಂದಿತು ಪರದೆ. ಅತ್ತೆ ಕನ್ನಡಕ ತೆಗೆದರು, ಕೈ ತೆಗೆಯಲಿಲ್ಲ.

ಕೊನೆಗೆ ಒಟಿಪಿ. ಅದು ಹೋದದ್ದು ಕೋಣೆ ಹಿಡಿದ ಹುಡುಗನ ಮೊಬೈಲಿಗೆ. ಅವನೋ ಇನ್ನೊಂದು ಗುಂಪು ನೆಂಟರನ್ನು ಬಿಡಲು ಗಾಳಿಬೀಡಿನ ಕಡೆಗೆ ಹೋಗಿದ್ದ. ಗಾಳಿಬೀಡಿನ ಆ ತಿರುವಿನಲ್ಲಿ ಗಾಳಿ ಇತ್ತು, ಸಿಗ್ನಲ್ ಇರಲಿಲ್ಲ. ಅವನಿಗೆ ಸಿಗ್ನಲ್ ಸಿಕ್ಕಿದಾಗ ಒಟಿಪಿಯ ಆಯಸ್ಸು ಮುಗಿದಿರುತ್ತಿತ್ತು. ಹೊಸದನ್ನು ಕೇಳುವಷ್ಟರಲ್ಲಿ ಅವನು ಇನ್ನೊಂದು ತಿರುವಿನಲ್ಲಿರುತ್ತಿದ್ದ. ನಾಲ್ಕನೆಯದು ಹೇಗೋ ದಾಟಿ ಬಂತು. ಯಂತ್ರ ಒಂದು ಕಾರ್ಡನ್ನು ನಾಲಗೆಯಂತೆ ಹೊರಚಾಚಿತು.

ಕೋಣೆ ಹತ್ತಡಿಗೆ ಹನ್ನೆರಡಡಿ. ಕೆಳಗೆ ಇಬ್ಬರು, ಮೇಲೆ ಒಬ್ಬರು ಮಲಗುವ ಅಟ್ಟ, ಅಟ್ಟಕ್ಕೊಂದು ಕಬ್ಬಿಣದ ಏಣಿ. ಮನುಷ್ಯರನ್ನು ಹೀಗೆ ಗೂಡಿನಲ್ಲಿಡುವ ವಿದ್ಯೆ ಜಪಾನಿನದು. 1979ರಲ್ಲಿ ಒಸಾಕಾದಲ್ಲಿ ಕಿಶೋ ಕುರೊಕಾವ ಎಂಬ ವಾಸ್ತುಶಿಲ್ಪಿ ಮೊದಲ ಕ್ಯಾಪ್ಸೂಲ್ ಹೋಟೆಲ್ ಕಟ್ಟಿಸಿದ. ಕಡೆಯ ರೈಲು ತಪ್ಪಿದ ನೌಕರರಿಗೆ ಅದು ದೊಡ್ಡ ಅನುಕೂಲವಂತೆ. ತಪ್ಪಿಸಿಕೊಳ್ಳಲು ರೈಲೇ ಇಲ್ಲದ ಜಿಲ್ಲೆಗೆ ಅದು ಬಂದದ್ದು ಹೇಗೆ ಎಂಬುದಷ್ಟೇ ನನ್ನ ಪ್ರಶ್ನೆ.

ಬಾಗಿಲ ಪಕ್ಕದ ತೂತಿನಲ್ಲಿ ಕಾರ್ಡನ್ನು ಸಿಕ್ಕಿಸಿದರೆ ಮಾತ್ರ ಕೋಣೆಗೆ ಜೀವ. ಸಿಕ್ಕಿಸಿದೆ. ದೀಪಗಳು ಹತ್ತಿದವು, ಟಿವಿ ಮಾತನಾಡಿತು, ಏಸಿ ಹದಿನೆಂಟು ಡಿಗ್ರಿಗೆ ಗುರ್ ಎಂದಿತು. ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಎತ್ತರದಲ್ಲಿರುವ ಊರಿದು. ಕಿಟಕಿ ತೆರೆದರೆ ಮಂಜು ಬಿಟ್ಟಿಯಾಗಿ ಒಳಗೆ ಬರುತ್ತದೆ. ಕಿಟಕಿಯನ್ನು ಮಾತ್ರ ತೆರೆಯಲಾಗದಂತೆ ಅಂಟು ಹಾಕಿ ಮುಚ್ಚಿದ್ದರು. ಇದೆಲ್ಲ ಆಗುವಾಗಲೇ ಹಾಸಿಗೆಯ ಪಕ್ಕದ ಬಿಳಿ ಗೋಡೆ ಇದ್ದಕ್ಕಿದ್ದಂತೆ ಮಾಯವಾಗಿ, ಅದರ ಹಿಂದಿನಿಂದ ಬಚ್ಚಲು, ಕಮೋಡು, ಎರಡು ಟವಲು ಗರ್ಭಗುಡಿಯ ಪರದೆ ಸರಿಸಿದಂತೆ ದರ್ಶನ ಕೊಟ್ಟವು. ಅತ್ತೆ ಸೆರಗನ್ನು ಕಣ್ಣಿಗೆ ಒತ್ತಿಕೊಂಡರು.

ಆ ಗಾಜಿನ ಗುಟ್ಟನ್ನು ಆಮೇಲೆ ತಿಳಿದುಕೊಂಡೆ. ಎರಡು ಗಾಜಿನ ನಡುವೆ ದ್ರವ ಸ್ಫಟಿಕದ ಸಣ್ಣ ಹನಿಗಳಿರುವ ತೆಳುಪದರವೊಂದಿರುತ್ತದೆ. ಕರೆಂಟ್ ಹರಿದಾಗ ಆ ಹರಳುಗಳು ಒಂದೇ ದಿಕ್ಕಿಗೆ ಮುಖ ಮಾಡಿ ನಿಂತು ಬೆಳಕಿಗೆ ದಾರಿ ಬಿಡುತ್ತವೆ. ಕರೆಂಟ್ ಇಲ್ಲದಾಗ ಅಡ್ಡಾದಿಡ್ಡಿಯಾಗಿ, ಬಿದ್ದ ಬೆಳಕನ್ನೆಲ್ಲ ಚದುರಿಸಿ ಗಾಜನ್ನು ಹಾಲಿನಂತೆ ಬೆಳ್ಳಗಾಗಿಸುತ್ತವೆ. ಶಾಲೆಯ ಪ್ರಾರ್ಥನೆಯ ಸಾಲಿನಂತೆಯೇ: ಮೇಷ್ಟರು ಎದುರಿಗಿದ್ದರೆ ನೆಟ್ಟಗೆ, ಮರೆಯಾದರೆ ಜಾತ್ರೆ. ಒಟ್ಟಿನಲ್ಲಿ ಕರೆಂಟ್ ಇದ್ದರೆ ಮಾನ ಹೋಗುತ್ತದೆ, ಕರೆಂಟ್ ಹೋದರೆ ಮಾನ ಉಳಿಯುತ್ತದೆ. ಗಾಜನ್ನು ಮಾತ್ರ ಬೆಳ್ಳಗಾಗಿಸುವ ಗುಂಡಿಯೊಂದು ಹಾಸಿಗೆಯ ತಲೆಯ ಬಳಿ ಇತ್ತು ನಿಜ. ಅಲ್ಲಿ ಎಲೆ, ಹನಿ, ಚಂದ್ರ, ಕಣ್ಣು ಎಂದು ಹನ್ನೆರಡು ಚಿತ್ರಗಳಿದ್ದವು. ಕಣ್ಣನ್ನು ಒತ್ತಿದರೆ ಟಿವಿ ಇಂಗ್ಲಿಷಿನಲ್ಲಿ ಕ್ರಿಕೆಟ್ ತೋರಿಸಿತು.

ಇಂಟರ್‌ಕಾಮಿನಲ್ಲಿ ಕರೆದೆವು. ಆ ಕಟ್ಟಡದಲ್ಲಿ ಒಬ್ಬ ಮನುಷ್ಯ ಇದ್ದೇ ಇದ್ದ! ಇಪ್ಪತ್ತೆರಡರ ಪ್ರಾಯದ ಹುಡುಗ, ಒಂದು ಕೈಯಲ್ಲಿ ಬೆಡ್‌ಶೀಟು, ಇನ್ನೊಂದರಲ್ಲಿ ಬಟ್ಟೆ ಒಣಗಿಸುವ ಕ್ಲಿಪ್ಪುಗಳನ್ನು ಹಿಡಿದುಕೊಂಡೇ ಬಂದ. ನಾವು ಬಾಯಿ ತೆರೆಯುವ ಮೊದಲೇ ಗಾಜಿನ ಮೇಲಂಚಿಗೆ ಬೆಡ್‌ಶೀಟನ್ನು ಸಿಕ್ಕಿಸತೊಡಗಿದ. ಕೈ ಪಳಗಿತ್ತು. "ಎಲ್ಲರಿಗೂ ಹೀಗೇ ಮಾಡುವುದು" ಎಂದ. ಅತ್ತೆಗೆ ಕೆಳಗಿನ ಪರದೆಯ ಮೇಲೆ ಉಳಿದಿದ್ದ ಅನುಮಾನವೆಲ್ಲ ಈಗ ಪ್ರಶ್ನೆಗಳಾದವು. "ಯಾವ ಊರಪ್ಪ?" ಐಗೂರು. "ಐಗೂರಿನಲ್ಲಿ ಯಾರ ಮನೆ?" ಹೇಳಿದ. "ಹಾಗಾದರೆ ನಿನ್ನ ಅಜ್ಜಿ ಗೌಡಳ್ಳಿಯಿಂದ ಬಂದವರಲ್ಲವೇ?" ಹೌದು. ಮೂರೇ ಪ್ರಶ್ನೆ. ಒಟಿಪಿ ಬೇಕಾಗಲಿಲ್ಲ. ಹತ್ತು ನಿಮಿಷದಲ್ಲಿ ಅತ್ತೆಯ ಚಪ್ಪಲಿ, ಮಳೆಹನಿ ಒರೆಸಿಕೊಂಡು, ಮೂರನೆಯ ಮಹಡಿಗೆ ಬಂತು.

ಕೋಣೆಯಲ್ಲಿ ಕಾಫಿ ಯಂತ್ರವೂ ಇತ್ತು. ಬೆರಳುಗಾಪಿನಷ್ಟು ಪ್ಲಾಸ್ಟಿಕ್ ಬಟ್ಟಲನ್ನು ಅದರ ಬಾಯಿಗೆ ಹಾಕಿದರೆ ಕಾಫಿ. ದೇಶದ ಕಾಫಿಯಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ಬೆಳೆಯುವ ಜಿಲ್ಲೆಯಲ್ಲಿ, ತೋಟದಿಂದ ನೇರ ಎದ್ದು ಬಂದ ಹೆಂಗಸಿನ ಮುಂದೆ ಆ ಬಟ್ಟಲನ್ನು ಹಿಡಿಯಲು ನನಗೆ ಧೈರ್ಯ ಬರಲಿಲ್ಲ. ಅತ್ತೆ ಸ್ನಾನಕ್ಕೆ ಹೋದರು. ನಾನು ಹೊರಗಿನಿಂದ ಕಾಫಿ ತರಲು ಕಾರ್ಡನ್ನು ಕಿತ್ತುಕೊಂಡು ಹೊರಟೆ. ಟಕ್ ಎಂದು ಎಲ್ಲವೂ ಆರಿತು. ಬಚ್ಚಲಿನಿಂದ ಅತ್ತೆಯ ದನಿ, ಗಾಬರಿಯ ಲವಲೇಶವಿಲ್ಲದೆ: "ಕರೆಂಟ್ ಹೋಯಿತು, ಮೇಣದಬತ್ತಿ ಎಲ್ಲಿದೆ ನೋಡಿ." ಕೊಡಗಿನ ಮಳೆಗಾಲಗಳನ್ನು ಕಂಡವರು, ಕತ್ತಲೆ ಅವರಿಗೆ ಸಮಾಚಾರವೇ ಅಲ್ಲ.

ಕಾರ್ಡನ್ನು ಒಳಗಿಟ್ಟು ಹೋದರೆ ನಾನು ಮತ್ತೆ ಒಳಗೆ ಬರುವಂತಿಲ್ಲ, ತೆಗೆದುಕೊಂಡು ಹೋದರೆ ಅವರು ಬೆಳಕು ಕಾಣುವಂತಿಲ್ಲ. ಇದನ್ನು ಬಿಡಿಸಿದವಳು ನನ್ನ ಹೆಂಡತಿ. ಟಾರ್ಚ್ ಹಿಡಿದು ತೂತಿನೊಳಗೆ ಇಣುಕಿ, "ಇದು ಏನನ್ನೂ ಓದುವುದಿಲ್ಲ ರೀ, ಒಳಗೆ ಬರೀ ಒಂದು ಸ್ವಿಚ್ಚಿದೆ, ಏನು ತುರುಕಿದರೂ ಆಯಿತು" ಎಂದಳು. ಎಲ್ಲ ಹೋಟೆಲಿನಲ್ಲೂ ಹೀಗಲ್ಲ, ಕೆಲವು ಕಡೆ ತನ್ನದೇ ಕಾರ್ಡನ್ನು ಗುರುತಿಸುವ ಜಾಣ ತೂತುಗಳಿರುತ್ತವೆ. ನಮ್ಮದು ಅಷ್ಟು ಓದಿಕೊಂಡಿರಲಿಲ್ಲ. ಕೈಗೆ ಸಿಕ್ಕ ಮದುವೆಯ ಕರೆಯೋಲೆಯನ್ನು ನಾಲ್ಕು ಮಡಿಕೆ ಮಾಡಿ ಒತ್ತಿದಳು. ಗಣಪತಿಯ ಸೊಂಡಿಲು ಮಾತ್ರ ಹೊರಗಿತ್ತು. ಕೋಣೆ ಬೆಳಗಿತು.

ರಾತ್ರಿ ನನ್ನ ಸರದಿ. ಬಚ್ಚಲಿನ ದೀಪಕ್ಕೆ ಸ್ವಿಚ್ಚಿಲ್ಲ. ಚಾವಣಿಯ ಸಂವೇದಕವೊಂದು ಮೈಯ ಶಾಖ ಚಲಿಸುವುದನ್ನು ಗಮನಿಸಿ ದೀಪ ಹಾಕುತ್ತದೆ. ಚಲನೆ ನಿಂತರೆ, ಒಳಗೆ ಯಾರೂ ಇಲ್ಲ ಎಂದು ತೀರ್ಮಾನಿಸಿ ಆರಿಸುತ್ತದೆ. ಮನುಷ್ಯ ಬಚ್ಚಲಿನಲ್ಲಿ ಅಲುಗಾಡದೆ ಕೂರುವ ಸಂದರ್ಭವೂ ಒಂದಿದೆ ಎಂದು ಅದನ್ನು ಮಾಡಿದವರಿಗೆ ಯಾಕೆ ಹೊಳೆಯಲಿಲ್ಲವೋ. ಎರಡು ನಿಮಿಷಕ್ಕೊಮ್ಮೆ ಕತ್ತಲಾಗುವುದು, ನಾನು ಕೂತಲ್ಲೇ ಎರಡೂ ಕೈ ಎತ್ತಿ ಬೀಸುವುದು, ಬೆಳಕಾಗುವುದು. ಹುತ್ತರಿ ಕೋಲಾಟವನ್ನು ಕೂತುಕೊಂಡು ಆಡಿದರೆ ಹೇಗಿರುತ್ತದೋ ಹಾಗೆ. ಬೆಡ್‌ಶೀಟಿನ ಹಿಂದೆ ದೀಪವಿದ್ದದ್ದು ನನಗೆ ಮರೆತೇ ಹೋಗಿತ್ತು. ಆಚೆ ಹಾಸಿಗೆಯಲ್ಲಿ ತಾಯಿ ಮಗಳಿಬ್ಬರೂ ತೊಗಲುಗೊಂಬೆಯಾಟವನ್ನು ಪೂರ್ತಿ ನೋಡಿದ್ದರು. "ಎದೆನೋವೇನಾದರೂ ಬಂತೇ?" ಎಂದು ಅತ್ತೆ ಕೇಳಿದರು. ಹೆಂಡತಿ ದಿಂಬಿನಲ್ಲಿ ಮುಖ ಹುದುಗಿಸಿಕೊಂಡಿದ್ದಳು.

ತಲೆಯ ಬಳಿ ಮಾತು ಕೇಳುವ ಒಂದು ಡಬ್ಬಿಯೂ ಇತ್ತು. ಏಸಿ ಆರಿಸು ಎಂದು ನಾನು ಅದಕ್ಕೆ ಕನ್ನಡದಲ್ಲಿ ಹೇಳಿದೆ, ಪಾಠ ಒಪ್ಪಿಸುವ ಇಂಗ್ಲಿಷಿನಲ್ಲಿ ಹೇಳಿದೆ; ಜಗ್ಗಲಿಲ್ಲ. ಅತ್ತೆಯ ಗೊರಕೆಗೆ ಮಾತ್ರ ಕೂಡಲೇ ಓಗೊಟ್ಟಿತು. ಅವರ ಗೊರಕೆ ಏರಿದಾಗಲೆಲ್ಲ ನೀಲಿ ದೀಪ ಮಿನುಗಿಸಿ, "ಕ್ಷಮಿಸಿ, ಅರ್ಥವಾಗಲಿಲ್ಲ" ಎಂದು ಇಂಗ್ಲಿಷಿನಲ್ಲಿ ವಿನಯದಿಂದ ಹೇಳುತ್ತಿತ್ತು. ಅತ್ತೆ ಮಗ್ಗುಲು ಬದಲಿಸಿ ಇನ್ನೊಮ್ಮೆ ವಿವರಿಸುತ್ತಿದ್ದರು. ಜಪಾನಿನ ನಾಗಸಾಕಿಯಲ್ಲಿ 2015ರಲ್ಲಿ ರೋಬೋಟುಗಳೇ ನಡೆಸುವ ಹೋಟೆಲೊಂದು ಶುರುವಾಗಿತ್ತು. ಅಲ್ಲಿಯೂ ಕೋಣೆಯ ಗೊಂಬೆಯೊಂದು ಗೊರಕೆಯನ್ನು ಪ್ರಶ್ನೆಯೆಂದು ತಿಳಿದು ಅತಿಥಿಗಳನ್ನು ಎಬ್ಬಿಸಿ ಎಬ್ಬಿಸಿ ಕೇಳುತ್ತಿತ್ತಂತೆ. 2019ರ ಹೊತ್ತಿಗೆ ಅಲ್ಲಿನ 243 ರೋಬೋಟುಗಳಲ್ಲಿ ಅರ್ಧಕ್ಕೂ ಹೆಚ್ಚನ್ನು ಕೆಲಸದಿಂದ ತೆಗೆದ ಸುದ್ದಿ ಬಂತು. ನಮ್ಮ ಡಬ್ಬಿಗೆ ಆ ಸುದ್ದಿ ಮುಟ್ಟಿರಲಿಲ್ಲ.

ಒಂದು ಗಂಟೆಯ ಹೊತ್ತಿಗೆ ಗುಡುಗು, ಮಳೆ, ನಿಜವಾದ ಕರೆಂಟ್ ಕಡಿತ. ಡಬ್ಬಿ ಬಾಯಿ ಮುಚ್ಚಿತು, ಏಸಿ ನಿಂತಿತು. ಜನರೇಟರು ಹಜಾರಕ್ಕೂ ಲಿಫ್ಟಿಗೂ ಮಾತ್ರ. ಅಷ್ಟು ಹೊತ್ತಿಗಾಗಲೇ ಹದಿನೆಂಟು ಡಿಗ್ರಿಯಲ್ಲಿ ಸೆಟೆದಿದ್ದ ಅತ್ತೆ ಗಾಜಿನ ಮೇಲಿನ ಬೆಡ್‌ಶೀಟನ್ನು ಎಳೆದು ಹೊದ್ದುಕೊಂಡಿದ್ದರು. ಬೆಳಗಿನ ಐದಕ್ಕೆ ಐಗೂರಿನ ಹುಡುಗ ಅಡುಗೆಮನೆಯಲ್ಲಿ ಕಾಯಿಸಿದ ಒಂದು ಬಕೆಟ್ ಬಿಸಿನೀರು ತಂದುಕೊಟ್ಟ. ಗಾಜು ಹೇಗೂ ಬೆಳ್ಳಗಿತ್ತು. ಹೆಂಗಸರಿಬ್ಬರ ಸ್ನಾನ ಟಾರ್ಚಿನ ಬೆಳಕಿನಲ್ಲಿ ಸಾಂಗವಾಗಿ ಮುಗಿಯಿತು. ನಾನು ತಲೆಗೆ ಎರಡು ಚೊಂಬು ಹೊಯ್ದು ಮೈಗೆ ಸೋಪು ಹಚ್ಚುತ್ತಿದ್ದಾಗ ಕರೆಂಟ್ ಬಂತು.

ಎಷ್ಟು ಹೊತ್ತು ಬಂತು ಎಂದರೆ ಹತ್ತು ನಿಮಿಷ. ಅಷ್ಟು ಸಾಕಾಗಿತ್ತು. ಆಚೆ ಅತ್ತೆ ಗಾಜಿಗೆ ಬೆನ್ನು ಮಾಡಿ ಕೂತು, ಬೇಕೆಂದೇ ಗಟ್ಟಿಯಾಗಿ ದೇವರನಾಮ ಹಾಡುತ್ತಿದ್ದರು. ಅದಾದ ಮೇಲೆ ಮೂರು ದಿನ ನಾವಿಬ್ಬರೂ ಹವಾಮಾನದ ಬಗ್ಗೆ ಮಾತ್ರ ಮಾತನಾಡಿದೆವು.

ರೇಷ್ಮೆ ಉಟ್ಟು, ಉಡುಗೊರೆಯ ಕವರು ಹಿಡಿದು ಕೆಳಗಿಳಿದು ಆಟೋ ನಿಲ್ಲಿಸಿದೆವು. "ಮದುವೆಗಾ? ಯಾವ ಸಮಾಜ?" ಎಂದ ಚಾಲಕ. ಮೂವರೂ ಮುಖ ಮುಖ ನೋಡಿಕೊಂಡೆವು. ಮಡಿಕೇರಿಯಲ್ಲಿ ಸಮಾಜವೆಂದರೆ ಮದುವೆಯ ಛತ್ರ; ಸಮಾಜಗಳಿಗೂ ಭವನಗಳಿಗೂ ಅಲ್ಲಿ ಬರವಿಲ್ಲ. ಅಂದು ಎಲ್ಲದರಲ್ಲೂ ಮದುವೆ. ಮೊಬೈಲ್ ತೆಗೆದರೆ ಮೂರೂ ಸತ್ತಿದ್ದವು. ವಾಟ್ಸ್‌ಆ್ಯಪಿನಲ್ಲಿ ಬಂದ ಆಮಂತ್ರಣವೂ, ಹುಡುಗನ ನಂಬರೂ ಅವುಗಳೊಳಗೇ ಸತ್ತಿದ್ದವು. ಅಚ್ಚಾದ ಕರೆಯೋಲೆ ಗೋಡೆಯ ತೂತಿನಲ್ಲಿತ್ತು.

ಮೂರು ಮಹಡಿ ಮೇಲೆ ಹೋಗಿ ಕಾರ್ಡನ್ನು ಬಾಗಿಲಿಗೆ ಒತ್ತಿದೆ. ಕೆಂಪು ದೀಪ. ಕೋಣೆ ಬಿಡುವ ಸಮಯ ಹತ್ತು ಗಂಟೆ; ಆಗ ಹತ್ತು ದಾಟಿ ಮೂರು ನಿಮಿಷ. ನಿನ್ನೆ ಮೂರು ಒಟಿಪಿಗೂ ನಂಬದೆ ನಾಲ್ಕನೆಯದಕ್ಕೆ ನಂಬಿದ್ದ ಹೋಟೆಲ್ ಇಂದು ಸರಿಯಾಗಿ ಹತ್ತಕ್ಕೆ ನಮ್ಮನ್ನು ಮರೆತಿತ್ತು. ಐಗೂರಿನ ಹುಡುಗ ತನ್ನ ಕಾರ್ಡಿನಿಂದ ತೆರೆದುಕೊಟ್ಟ.

ಕರೆಂಟ್ ಮರಳಿತ್ತು. ದೀಪಗಳೆಲ್ಲ ಉರಿಯುತ್ತಿದ್ದವು, ಏಸಿ ತಂಪಾಗಿ ಬೀಸುತ್ತಿತ್ತು, ಗಾಜು ಕೊಳದ ನೀರಿನಂತೆ ತಿಳಿಯಾಗಿತ್ತು, ಡಬ್ಬಿ ನೀಲಿ ಕಣ್ಣು ಬಿಟ್ಟುಕೊಂಡಿತ್ತು. ಯಾರೂ ಇಲ್ಲದ ಕೋಣೆಯಲ್ಲಿ ಎಲ್ಲವೂ ಸರಿಯಾಗಿ ಕೆಲಸ ಮಾಡುತ್ತಿತ್ತು. ಕರೆಯೋಲೆಯನ್ನು ಎಳೆದೆ. ಟಕ್ ಎಂದು ಕತ್ತಲೆ. ಹೊರಗೆ ಮೋಡ ಕವಿದು ಆ ಅಂಟಿಸಿದ ಕಿಟಕಿಯಿಂದಲೂ ಬೆಳಕಿಲ್ಲ. ಅಕ್ಷರಗಳೋ ಮದುವೆಯ ಕರೆಯೋಲೆಯ ಬಂಗಾರದ ಬಣ್ಣದವು. ಮತ್ತೆ ತುರುಕಿದೆ, ಬೆಳಕಾಯಿತು. ಸೊಂಡಿಲು ಮಾತ್ರ ಕಂಡಿತು. ಮತ್ತೆ ಎಳೆದೆ.

"ಅಳಿಯಂದಿರೇ, ಕೈಯಲ್ಲಿ ಕೋಣೆಯ ಕಾರ್ಡಿದೆಯಲ್ಲ, ಅದನ್ನು ಹಾಕಿ" ಎಂದು ಹಜಾರದಿಂದ ಅತ್ತೆ ಹೇಳಿದರು.